ಬಸಲಿಂಗನ ಎಡಗಾಲು

ನಡುಗುತ್ತಿರುವುದು ಗಾಡಿಯೋ ತನ್ನ ಎಡಗಾಲೋ ಎಂಬುದು ರಂಗಂಪೇಟೆಯ ಬಸಲಿಂಗನಿಗೆ ಒಂದು ವರ್ಷದಿಂದ ಬಗೆಹರಿಯದೆ ಉಳಿದ ಪ್ರಶ್ನೆಯಾಗಿತ್ತು. ಮೊದಲನೇ ಗೇರ್ ಹಾಕಿ, ಕ್ಲಚ್ ಮೇಲಿನ ಕಾಲನ್ನು ಮೆಲ್ಲಗೆ ಸಡಿಲು ಮಾಡಿದ ಕೂಡಲೇ ಅವನ ಪಿಕಪ್ ಗಾಡಿ ಚಳಿಜ್ವರ ಹಿಡಿದವರಂತೆ ಗಡಗಡ ಅಲುಗುತ್ತಿತ್ತು. ಎಂಟು ಹತ್ತು ಮಾರು ಸಾಗುವ ತನಕ ಅಷ್ಟೇ. ಆಮೇಲೆ ತನಗೂ ಅದಕ್ಕೂ ಸಂಬಂಧವೇ ಇಲ್ಲ ಎಂಬಂತೆ ಸುಮ್ಮನೆ ಓಡುತ್ತಿತ್ತು. ನಿಲ್ಲಿಸಿ ಮತ್ತೆ ಹೊರಡಿಸಿದರೆ ಮತ್ತೆ ಅದೇ ನಡುಕ.

ಎಲ್ಲ ಹೊತ್ತಿನಲ್ಲೂ ಹೀಗಾಗಿದ್ದರೆ ಅವನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬೆಳಗಿನ ಹೊತ್ತು ಗಾಡಿ ಹೂವಿನಂತೆ ಏಳುತ್ತಿತ್ತು. ಮಧ್ಯಾಹ್ನವಾಯಿತೆಂದರೆ ನಡುಕ ಶುರು. ಬೆಳಿಗ್ಗೆ ಕಾಲಿನಲ್ಲಿ ಕಸುವಿರುತ್ತದೆ, ಮಧ್ಯಾಹ್ನಕ್ಕೆ ಸೋಲುತ್ತದೆ, ಸೋತ ಕಾಲು ಕ್ಲಚ್ ಮೇಲೆ ನಡುಗುತ್ತದೆ, ಆ ನಡುಕವೇ ಗಾಡಿಗೆ ಹತ್ತುತ್ತದೆ ಎಂದು ಅವನು ತನ್ನಷ್ಟಕ್ಕೆ ತೀರ್ಮಾನಿಸಿದ್ದ. ವಯಸ್ಸು ಐವತ್ಮೂರು. ಮನೆಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ನೋಡಿದರೆ ಅದು ಕಂಬದಂತೆ ಅಲುಗದೆ ಇರುತ್ತಿತ್ತು. ಆದರೂ ಅವನಿಗೆ ನಂಬಿಕೆ ಬರುತ್ತಿರಲಿಲ್ಲ. ಪೊಲೀಸರ ಮುಂದೆ ಕಳ್ಳರು ಎಷ್ಟು ಸಾಧುಗಳಾಗಿ ನಿಲ್ಲುತ್ತಾರೆ ಎಂಬುದನ್ನು ಮೂವತ್ತು ವರ್ಷ ರಸ್ತೆಯ ಮೇಲೆ ಬದುಕಿದವನು ನೋಡದೇ ಇರುತ್ತಾನೆಯೇ?

ಕಾಲು ಕೆಟ್ಟಿದ್ದರೆ ಗಾಡಿ ಬಿಡಬೇಕು. ಗಾಡಿ ಬಿಟ್ಟರೆ ಬಸಲಿಂಗನಿಗೆ ಉಳಿಯುವುದು ಎರಡು ಖೋಲಿಯ ಮನೆ, ಒಂದು ಗ್ಯಾಸ್ ಒಲೆ, ಗೋಡೆಯ ಮೇಲೆ ಹೆಂಡತಿ ಅಯ್ಯಮ್ಮನ ಫೋಟೊ. ಮಕ್ಕಳಿರಲಿಲ್ಲ. ಗಾಡಿ ಇರುವುದರಿಂದ ದಿನಕ್ಕೆ ನಾಲ್ಕು ಜನರಾದರೂ ಅವನ ಹೆಸರು ಹಿಡಿದು ಕರೆಯುತ್ತಿದ್ದರು. ರಂಗಂಪೇಟೆಯಲ್ಲೇ ಭತ್ತ ಹೇರುವ ಹಮಾಲರು, ಶಹಾಪುರದ ರೈಸ್ ಮಿಲ್ಲಿನ ಕಾವಲಿನವನು, ತೂಕದ ಕಟ್ಟೆಯ ಹುಡುಗಿ, ಚಹಾದಂಗಡಿಯವನು. ಇವರೆಲ್ಲ ಕರೆಯುವುದು ನಿಂತುಹೋದರೆ ತನ್ನ ಹೆಸರು ತನಗೇ ಮರೆತುಹೋದೀತು ಎಂದು ಅವನಿಗೆ ನಿಜವಾಗಿಯೂ ಅಂಜಿಕೆಯಾಗುತ್ತಿತ್ತು.

ಅದೂ ಅಲ್ಲದೆ ಅವನಿಗೆ ಇದ್ದ ಒಂದೇ ಜಂಬ ಆ ಎಡಗಾಲಿನದು. ಗಾಡಿ ಓಡಿಸುವುದು ಎಲ್ಲರಿಗೂ ಬರುತ್ತದೆ, ಎಬ್ಬಿಸುವುದು ಎಲ್ಲರಿಗೂ ಬರುವುದಿಲ್ಲ ಎನ್ನುವುದು ಅವನ ಮತ. ನಿಂತ ಗಾಡಿ ಹೊರಟದ್ದು ಒಳಗೆ ಕೂತವರಿಗೆ ಗೊತ್ತಾಗಬಾರದು. ಕಿಟಕಿಯ ಹೊರಗಿನ ಬೇವಿನ ಮರ ಹಿಂದಕ್ಕೆ ಸರಿದಾಗಲೇ ಗೊತ್ತಾಗಬೇಕು. ಅಯ್ಯಮ್ಮ ಮೊಸರಿನ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಶಹಾಪುರದ ತನಕ ಬರುತ್ತಿದ್ದಳು, ಮೇಲಿನ ಕೆನೆ ಒಡೆಯುತ್ತಿರಲಿಲ್ಲ. ಇಳಿದ ಮೇಲೆ ಆ ಗಡಿಗೆಯನ್ನು ಅವನ ಮೂಗಿನ ತನಕ ತಂದು ತೋರಿಸುತ್ತಿದ್ದಳು. ಅದು ಅವನಿಗೆ ಸಿಗುತ್ತಿದ್ದ ಬಿರುದು.

ಅಯ್ಯಮ್ಮ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಸಾದಾ ಜ್ವರವೆಂದು ಎರಡು ದಿನ ಮನೆಯಲ್ಲೇ ಮಲಗಿದಳು, ಮೂರನೆಯ ದಿನ ದವಾಖಾನೆ ಸೇರಿದಳು, ಐದನೆಯ ದಿನ ಬಸಲಿಂಗ ಅವಳ ಚಪ್ಪಲಿ ಹಿಡಿದುಕೊಂಡು ಒಬ್ಬನೇ ಹೊರಗೆ ಬಂದ. ಮುಂದೆ ಎರಡು ತಿಂಗಳು ಗಾಡಿ ಮನೆಯ ಮುಂದೆ ನಿಂತೇ ಇತ್ತು. ಮತ್ತೆ ಶುರು ಮಾಡಿದ ಮೊದಲ ವಾರದಲ್ಲೇ ಆ ನಡುಕ ಅವನ ಗಮನಕ್ಕೆ ಬಂದದ್ದು. ನಿಂತ ಗಾಡಿ ಕೆಟ್ಟಿತು ಎಂದುಕೊಂಡ.

ಸುರಪುರದ ಒಬ್ಬ ಮೆಕ್ಯಾನಿಕ್ ಕ್ಲಚ್ ಪ್ಲೇಟ್ ಬದಲಿಸಿದ. ನಡುಕ ಹೋಗಲಿಲ್ಲ. ಯಾದಗಿರಿಯ ಇನ್ನೊಬ್ಬ, ಇಂಜಿನ್ ಕೂತಿರುವ ರಬ್ಬರ್‌ಗಳು ಸತ್ತಿವೆ ಎಂದು ಹೊಸವು ಹಾಕಿದ. ನಡುಕ ಹೋಗಲಿಲ್ಲ. ಮೂರನೆಯವನು ಇನ್ನೂ ಮೀಸೆ ಸರಿಯಾಗಿ ಮೂಡದವನು. ಹತ್ತಿ ಕೂತವನೇ ಆಕ್ಸಲರೇಟರ್ ಒತ್ತಿ, ಕ್ಲಚ್ ಫಕ್ಕನೆ ಬಿಟ್ಟು, ಗಾಡಿಯನ್ನು ಹೋರಿ ಬೆದರಿದ ಹಾಗೆ ಜಿಗಿಸಿದ. ಹಾಗೆ ಒದ್ದರೆ ನಡುಗಲು ಅದಕ್ಕಾದರೂ ಪುರುಸೊತ್ತು ಎಲ್ಲಿರುತ್ತದೆ?

“ಗಾಡಿಗಿ ಏನೂ ಆಗಿಲ್ರಿ,” ಎಂದ ಹುಡುಗ, ಕೈ ಒರೆಸಿಕೊಳ್ಳುತ್ತ. “ಕುಣಿಯಾಕ ಬರದಾಕಿ ನೆಲ ಡೊಂಕ ಅಂದಳಂತ. ನಿಮ್ಮ ಕಾಲು ನೋಡ್ಕೋರಿ.”

ಸುತ್ತ ನಿಂತವರು ನಕ್ಕರು. ಬಸಲಿಂಗನೂ ನಕ್ಕ. ಆ ನಗು ಮನೆ ಮುಟ್ಟುವ ತನಕವೂ ಅವನ ಮುಖದ ಮೇಲೆ ಹಾಗೇ ಅಂಟಿಕೊಂಡಿತ್ತು, ಒಳಗೆ ಮಾತ್ರ ಬೆಂಕಿ ಬಿದ್ದಿತ್ತು.

ಇದರ ಮೇಲೆ ಅರ್ಜುನ ಬಂದ. ಅರ್ಜುನ ಅಯ್ಯಮ್ಮನ ತಮ್ಮ, ವಡಗೇರಾದಲ್ಲಿ ಟಂಟಂ ಆಟೋ ಓಡಿಸುವವನು, ಕೆಟ್ಟವನಲ್ಲ. ಒಂದು ಬೆಳಿಗ್ಗೆ ಭತ್ತ ಹೇರಿದ ಗಾಡಿಯನ್ನು ರಂಗಂಪೇಟೆಯಿಂದ ಸುರಪುರದ ತನಕ ಅವನೇ ಓಡಿಸಿದ. ಗಾಡಿ ಬೆಣ್ಣೆಯಂತೆ ಎದ್ದಿತು. ಎರಡು ಸಲ, ಮೂರು ಸಲ ನಿಲ್ಲಿಸಿ ಎಬ್ಬಿಸಿ ನೋಡಿದ. ಏನೂ ಇಲ್ಲ.

“ಮಾವ, ತಪ್ಪು ತಿಳಕೋಬ್ಯಾಡ,” ಎಂದ ಅವನು. “ಗಾಡಿ ನೆಟ್ಟಗ ಅದ. ನೀನು ದಣದಿ. ಅಕ್ಕ ಹೋದ ಮ್ಯಾಲ ಹೊತ್ತಿಗಿ ಸರಿಯಾಗಿ ಉಣ್ಣೂದಿಲ್ಲ ನೀ. ಗಾಡಿ ನನಗ ಕೊಡು, ನಾ ಓಡಸ್ತೀನಿ, ನೀ ನಮ್ಮ ಮನ್ಯಾಗ ಬಂದಿರು. ಸೋಮವಾರ ಬಂದು ಒಯ್ತೀನಿ.”

ಬಸಲಿಂಗ ಹೂಂ ಅಂದ. ಹೂಂ ಅನ್ನದೆ ಇರಲು ಅವನ ಬಳಿ ಏನಿತ್ತು? ಮಾತು ಮುಗಿದ ಮೇಲೆ ಹಿತ್ತಲಿಗೆ ಹೋಗಿ ಎಡಗಾಲಿನ ಮೇಲೆ ತಂಬಿಗೆ ನೀರು ಹಾಕಿಕೊಂಡು, ಅದನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದ.

ಶನಿವಾರ ಮಧ್ಯಾಹ್ನ ಶಹಾಪುರದ ಮಿಲ್ಲಿನಲ್ಲಿ ಭತ್ತ ಇಳಿಸಿದ ಮೇಲೆ ಅವನು ಬಾಷುಮಿಯಾನ ಗ್ಯಾರೇಜಿಗೆ ಹೋದ. ಗ್ಯಾರೇಜು ಎಂದರೆ ಸುರಪುರ ರಸ್ತೆಯಲ್ಲಿ ಒಂದು ತಗಡಿನ ಚಪ್ಪರ, ಒಂದು ಬೇವಿನ ಮರ, ಮರದ ಕೆಳಗೆ ಬಾಷುಮಿಯಾ. ಎಪ್ಪತ್ತು ದಾಟಿದ ಮುದುಕ. ಕೆಲಸ ಕಡಿಮೆ ಮಾಡಿದ್ದ. ಹೊಸ ಗಾಡಿಗಳು ಕಂಪ್ಯೂಟರ್ ಇಟ್ಟು ನೋಡುವ ಕಡೆ ಹೋಗುತ್ತಿದ್ದವು, ಇವನ ಬಳಿಗೆ ಬರುವವು ಕೈಬಿಟ್ಟ ಕೇಸುಗಳು. ಬಸಲಿಂಗನದೂ ಅಂಥದೇ. ರಿಪೇರಿ ಆಗುತ್ತದೆಂಬ ಆಸೆ ಅವನಿಗೆ ಅಷ್ಟಾಗಿ ಇರಲಿಲ್ಲ. ಕಾಲೇ ಕೆಟ್ಟಿದೆ ಎಂದು ದೊಡ್ಡ ಮನುಷ್ಯನೊಬ್ಬನ ಬಾಯಿಂದ ಕೇಳಿಬಿಟ್ಟರೆ ಸೋಮವಾರ ಕೀಲಿ ಕೊಡುವಾಗ ಕೈ ಹಿಂದೆ ಸರಿಯಲಾರದು ಎಂಬುದಷ್ಟೇ ಇತ್ತು.

“ಮಿಸ್ತ್ರಿ, ಖರೇ ಹೇಳ್ರಿ,” ಎಂದ. “ಗಾಡಿ ನಡಗತದೋ, ನಾ ನಡಗತೀನೋ?”

ಬಾಷುಮಿಯಾ ಅವನನ್ನು ಮೇಲಿಂದ ಕೆಳಗೆ ನೋಡಿದ. “ನೀ ಆ ಕಡಿ ಸರಿ,” ಎಂದು ತಾನೇ ಸ್ಟೇರಿಂಗ್ ಹಿಡಿದು ಕೂತ. ಮೊದಲನೇ ಗೇರ್ ಹಾಕಿ, ಮಲಗಿದ ಕೂಸಿನ ತಲೆಯ ಕೆಳಗಿನಿಂದ ಕೈ ತೆಗೆಯುವಷ್ಟು ಮೆಲ್ಲಗೆ ಕ್ಲಚ್ ಬಿಟ್ಟ. ಗಾಡಿ ಗಡಗಡ ನಡುಗಿತು. ಬಾಗಿಲ ಗಾಜು ಚಟಚಟ ಎಂದಿತು.

ಬಸಲಿಂಗನ ಎದೆ ಒಮ್ಮೆ ಹಾರಿತು. “ಮಿಸ್ತ್ರಿ! ನಿಮ್ಮ ಕಾಲಾಗೂ ನಡಗಿತಲ್ರಿ!”

“ಅರೆ, ತಡಿಯೋ. ನಂದೇನು ಜವಾನ್ ಕಾಲೇನು? ಎಪ್ಪತ್ತೆರಡರ ಕಾಲು. ಸಾಕ್ಷಿಗಿ ನಡಿಯೂದಿಲ್ಲ.” ಮುದುಕ ನಕ್ಕ. ಅವನಿಗೆ ಹಲ್ಲು ಕಡಿಮೆ, ತಮಾಷೆ ಹೆಚ್ಚು.

ಆಮೇಲೆ ನಗುವುದನ್ನು ಬಿಟ್ಟು ಕೆಲಸಕ್ಕೆ ಇಳಿದ. ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗಳಿಗೆ ಕಲ್ಲು ಕೊಟ್ಟು, ನಿಂತಲ್ಲೇ ಗೇರ್ ಹಾಕಿ ಕ್ಲಚ್ ಅರ್ಧ ಬಿಟ್ಟ. ಇಂಜಿನ್ ಮುಲುಗಿ ಬಗ್ಗಿತು, ಆದರೆ ನಡುಗಲಿಲ್ಲ. ನಾಲ್ಕು ಸಲ ಹಾಗೇ ಮಾಡಿದ. ಕ್ಲಚ್ ಕೆಟ್ಟಿದ್ದರೆ ಇಲ್ಲೇ ಬಾಯಿ ಬಿಡಬೇಕಿತ್ತು, ರಬ್ಬರ್ ಸತ್ತಿದ್ದರೂ ಇಲ್ಲೇ ಗೊತ್ತಾಗಬೇಕಿತ್ತು ಎಂದ. ಇಂಜಿನ್ ಮತ್ತು ಗೇರ್‌ಬಾಕ್ಸಿನ ತಪ್ಪಿಲ್ಲ, ರೋಗ ಅವುಗಳ ಹಿಂದೆ ಎಲ್ಲೋ ಇದೆ. ಗೋಣಿಚೀಲ ಹಾಸಿ, ಅಲ್ಲಾನ ಹೆಸರು ಹೇಳುತ್ತ, ಗಾಡಿಯ ಕೆಳಗೆ ತೂರಿಕೊಂಡ. ಗೇರ್‌ಬಾಕ್ಸಿನಿಂದ ಹಿಂದಿನ ಗಾಲಿಗಳಿಗೆ ತಿರುಗುವ ಬಲ ಒಯ್ಯುವ ಉದ್ದನೆಯ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ತಿರುವಿ ನೋಡಿದ. ಕೀಲುಗಳಲ್ಲಿ ಆಟವಿರಲಿಲ್ಲ. ನಡುವೆ ಅದನ್ನು ಹೊತ್ತ ಬೇರಿಂಗೂ ಗಟ್ಟಿಯಾಗಿತ್ತು. ಎಲ್ಲವೂ ಸರಿಯಾಗಿದೆ, ಆದರೂ ಗಾಡಿ ನಡುಗುತ್ತದೆ. ಬಸಲಿಂಗನ ಮುಖ ಮತ್ತೆ ಇಳಿಯಿತು.

ಬಾಷುಮಿಯಾ ಹೊರಗೆ ಬಂದು, ಮೈ ಝಾಡಿಸಿಕೊಂಡು, ರಸ್ತೆ ದಾಟಿ ಆ ಬದಿಯ ಚಹಾದಂಗಡಿಗೆ ಹೋದ. ಬೆಂಚಿನ ಮೇಲೆ ಕೂತು ಚಹಾ ತರಿಸಿದ. ಕುಡಿಯುತ್ತ ದೂರದಿಂದ ಗಾಡಿಯನ್ನೇ ನೋಡಿದ. ಬಸಲಿಂಗ ಈ ಬದಿಯಲ್ಲಿ ಕೈಕಟ್ಟಿ ನಿಂತಿದ್ದ. ಮುದುಕನಿಗೆ ಏನೂ ತೋಚದೆ ಚಹಾದ ನೆಪ ಮಾಡಿಕೊಂಡು ಹೋದ ಎಂದುಕೊಂಡ. ಅರ್ಧ ಲೋಟ ಕುಡಿದ ಮೇಲೆ ಬಾಷುಮಿಯಾ ಅಲ್ಲಿಂದಲೇ ಒದರಿದ.

“ಏ ಬಸಲಿಂಗ! ಹಿಂದ ಪಟ್ಟಿ ಎಷ್ಟು ಜಾಸ್ತಿ ಹಾಕ್ಸೀದಿ?”

ನಮ್ಮ ಕಡೆ ಪಿಕಪ್ ಕೊಂಡವರು ದೇವರಿಗೆ ಕಾಯಿ ಒಡೆಸಿದ ಮೇಲೆ ಮಾಡುವ ಎರಡನೆಯ ಕೆಲಸ ಇದು. ಭಾರ ಹೊರಲು ಕಂಪನಿ ಕೊಟ್ಟ ಕಮಾನ್ ಪಟ್ಟಿಗಳ ಮೇಲೆ ಯಾರಿಗೂ ನಂಬಿಕೆಯಿಲ್ಲ. ಭತ್ತ, ಹತ್ತಿ, ಮೆಣಸಿನಕಾಯಿ, ಏನೇ ಇರಲಿ, ಕಾಗದದಲ್ಲಿ ಬರೆದದ್ದಕ್ಕಿಂತ ಐದಾರು ಕ್ವಿಂಟಲ್ ಹೆಚ್ಚು ಹೇರದೆ ಗಾಡಿ ಬಿಟ್ಟರೆ ಅವನನ್ನು ಡ್ರೈವರ್ ಎಂದು ಯಾರೂ ಕರೆಯುವುದಿಲ್ಲ. ಹಿಂದಿನ ಗಾಲಿಗಳ ಮೇಲೆ ಬದಿಗೆ ಒಂದೋ ಎರಡೋ ಪಟ್ಟಿ ಹೆಚ್ಚು ಕೂಡಿಸಿಬಿಡುತ್ತಾರೆ. ಬಸಲಿಂಗ ಆಸೆಬುರುಕನಲ್ಲ, ಊರಿನವರು ಮಾಡಿದ್ದನ್ನು ತಾನೂ ಮಾಡಿದ್ದ.

“ಬದಿಗಿ ಎರಡೆರಡು ಹಾಕ್ಸೀನ್ರಿ.”

“ಬಾ ಇಲ್ಲಿ. ಇಲ್ಲಿಂದ ನೋಡು.”

ಬಸಲಿಂಗ ರಸ್ತೆ ದಾಟಿ ಹೋಗಿ ನೋಡಿದ. ಗಾಡಿಯ ಹಿಂಭಾಗ, ಕೂತ ಎತ್ತು ಏಳುವಾಗ ಹಿಂಗಾಲು ಮೊದಲು ಎತ್ತಿದ ಹಾಗೆ ಮೇಲಕ್ಕೆ ನಿಂತಿತ್ತು. ದಿನಾ ನೋಡುವ ಗಾಡಿ. ಹೀಗೆ ಎದುರು ಬದಿಯಲ್ಲಿ ಕೂತು ಅವನು ನೋಡಿರಲೇ ಇಲ್ಲ.

“ಆ ಶಾಫ್ಟ್ ನೆಟ್ಟಗ ಇದ್ರ ನೆಟ್ಟಗ ತಿರಗತದ,” ಎಂದ ಬಾಷುಮಿಯಾ, ಒಂದು ಕೈಯ ಮುಷ್ಟಿಯನ್ನು ಇನ್ನೊಂದರಲ್ಲಿ ಸೊಟ್ಟಗೆ ತಿರುಗಿಸಿ ತೋರಿಸುತ್ತ. “ಹಿಂದ ಎತ್ತರ ಆದ್ರ ಕೀಲಿನ್ಯಾಗ ಸೊಟ್ಟ ಆಗತದ. ಗಾಡಿ ಏಳೂ ಮುಂದ ಜೋರು ಬೀಳತದಲ್ಲ, ಆವಾಗ ಒದ್ದಾಡತದ. ಮ್ಯಾಲ ಹೇರು ಬಿತ್ತಂದ್ರ ಹಿಂದ ಕೆಳಗ ಕುಂದ್ರತದ, ಶಾಫ್ಟ್ ಬರಾಬರ್ ಆಗತದ. ನಂಬಿಕಿ ಇಲ್ಲೇನು? ತಡಿ.”

ಮುದುಕ ಎದ್ದು ನಿಂತು ಚಹಾದಂಗಡಿಯಲ್ಲಿ ಹೊತ್ತು ಕಳೆಯುತ್ತಿದ್ದವರನ್ನೆಲ್ಲ ಎಬ್ಬಿಸಿದ. “ಬರ್ರಿ, ಬರ್ರಿ, ಪುಕ್ಕಟ ಸವಾರಿ!” ಪುಕ್ಕಟೆ ಎಂದರೆ ನಮ್ಮವರು ಕಾರಣ ಕೇಳುವುದಿಲ್ಲ. ಇಬ್ಬರು ಲಾರಿ ಡ್ರೈವರ್‌ಗಳು, ಸಂತೆಗೆ ಬಂದವರು, ಬಸ್ಸು ತಪ್ಪಿಸಿಕೊಂಡವರು, ಎಲ್ಲ ಸೇರಿ ಹದಿನಾರು ಜನ ಹಿಂದೆ ಹತ್ತಿ ಕೂತರು. ಅವರ ನಡುವೆ ಬಾಷುಮಿಯಾ ತನ್ನಲ್ಲಿ ಬಿದ್ದಿದ್ದ ಒಂದು ಹಳೆಯ ಗೇರ್‌ಬಾಕ್ಸನ್ನೂ ಎತ್ತಿಡಿಸಿದ.

“ಈಗ ನೀ ಎಬ್ಬಿಸು,” ಎಂದ ಬಸಲಿಂಗನಿಗೆ.

ಬಸಲಿಂಗ ಕೂತ. ಗೇರ್ ಹಾಕಿ ಎಡಗಾಲನ್ನು ಸಡಿಲಿಸಿದ. ಕಿಟಕಿಯ ಹೊರಗೆ ಬೇವಿನ ಮರ ಸದ್ದಿಲ್ಲದೆ ಹಿಂದಕ್ಕೆ ಸರಿಯಿತು. ಹಿಂದೆ ಕೂತವರಲ್ಲಿ ಒಬ್ಬ, “ಹೊಂಟಿತೇನು?” ಎಂದು ಕೇಳಿದ. ಒಂದು ಫರ್ಲಾಂಗ್ ಹೋಗಿ ತಿರುಗಿಸಿಕೊಂಡು ಬಂದು, ದಾರಿಯಲ್ಲಿ ಐದು ಸಲ ನಿಲ್ಲಿಸಿ, ಐದು ಸಲ ಎಬ್ಬಿಸಿದ. ಒಂದು ಸಲವೂ ನಡುಗಲಿಲ್ಲ. ಜನ ಇಳಿದರು, ಗೇರ್‌ಬಾಕ್ಸೂ ಇಳಿಯಿತು. ಮತ್ತೆ ಎಬ್ಬಿಸಿದ. ಗಡಗಡ ಎಂದಿತು.

“ನಿನ್ನ ಕಾಲು ಬಂಗಾರ ಅದ,” ಎಂದ ಬಾಷುಮಿಯಾ.

ಬಸಲಿಂಗ ಬಗ್ಗಿ ಎಡಗಾಲನ್ನು ಒಮ್ಮೆ ನೇವರಿಸಿದ. ಒಂದು ವರ್ಷ ತನ್ನ ಕಾಲನ್ನು ಕಳ್ಳನಂತೆ ಕಂಡಿದ್ದ. ಬೆಳಿಗ್ಗೆ ಹೇರು ಹೊತ್ತು ಬರುವಾಗ ನಡುಗುತ್ತಿರಲಿಲ್ಲ, ಮಧ್ಯಾಹ್ನ ಖಾಲಿ ಹೋಗುವಾಗ ನಡುಗುತ್ತಿತ್ತು. ಅಷ್ಟೇ. ಹೊತ್ತಿಗೂ ಕಾಲಿಗೂ ಅದರಲ್ಲಿ ಪಾಲಿರಲಿಲ್ಲ. ಅಲ್ಲೇ ನಿಂತು ಫೋನ್ ತೆಗೆದು ಅರ್ಜುನನಿಗೆ, “ಸೋಮವಾರ ಬರಬ್ಯಾಡ. ಕಾಲು ನೆಟ್ಟಗ ಅದ ಅಂದ್ರು ಮಿಸ್ತ್ರಿ,” ಎಂದು ಹೇಳಿದ. ಅರ್ಜುನನಿಗೆ ಬೇಸರವಾಯಿತೋ ಸಂತೋಷವಾಯಿತೋ, “ಚಲೋ ಆತು ಬಿಡು ಮಾವ,” ಎಂದ.

ಅಲ್ಲಿಗೇ ಮುಗಿದಿದ್ದರೆ ಬಸಲಿಂಗ ಆ ದಿನ ಹಾಡು ಹಾಕಿಕೊಂಡು ಮನೆಗೆ ಹೋಗುತ್ತಿದ್ದ. ಆದರೆ ಬಾಷುಮಿಯಾ ಮಿಸ್ತ್ರಿ. ರೋಗ ಸಿಕ್ಕರೆ ಸಾಲದು, ಅದು ಹತ್ತಿದ ದಿನವೂ ಬೇಕು.

“ಪಟ್ಟಿ ಯಾವಾಗ ಹಾಕ್ಸೀದಿ?”

“ಮೂರು ವರ್ಷ ಆತ್ರಿ.”

“ಹಂಗಾರ ಮೂರು ವರ್ಷದಿಂದ ನಡಗಾಕತ್ತದ.”

“ಇಲ್ರಿ ಮಿಸ್ತ್ರಿ. ಹೋದ ವರ್ಷದಿಂದ. ಅದಕ್ಕೂ ಮೊದಲು ಒಂದು ದಿನಾನೂ ನಡಗಿಲ್ಲ, ಆಣಿ ಮಾಡಿ ಹೇಳ್ತೀನಿ.”

“ಕಬ್ಬಿಣ ಸುಳ್ಳು ಹೇಳೂದಿಲ್ಲೋ. ಪಟ್ಟಿ ಅದಾವಂದ್ರ ಖಾಲಿ ಗಾಡಿ ನಡಗಲೇಬೇಕು. ಪಟ್ಟಿ ಹಾಕ್ಸಿದ ಮ್ಯಾಲ ನೀ ಖಾಲಿ ಗಾಡಿ ಯಾವಾಗ ಓಡಿಸೀದಿ, ಅದನ್ನ ಹೇಳು.”

ಬಸಲಿಂಗ ಹೇಳಲು ಬಾಯಿ ತೆರೆದ. ಅವನು ನೆನಪಿನಲ್ಲಿ ಒಂದು ಖಾಲಿ ದಿನವನ್ನು ಹುಡುಕುತ್ತಿದ್ದ, ಸಿಗುತ್ತಿರಲಿಲ್ಲ.

ಅಯ್ಯಮ್ಮ ಕೃಷ್ಣೆಯ ದಂಡೆಯವಳು. ಅವಳ ಅಪ್ಪ ರಾಮಣ್ಣ ಹರಿಗೋಲು ಹಾಕುತ್ತಿದ್ದ. ಆ ದಂಡೆಗೆ ಕೇಳುವ ಹಾಗೆ ಕೂಗಿ ಜನ ಕೂಡಿಸುವುದು ಚಿಕ್ಕಂದಿನಿಂದ ಅವಳ ಕೆಲಸ. ಬರಿ ಹರಿಗೋಲನ್ನು ನೀರಿಗೆ ಬಿಡಬಾರದು ಎಂಬುದು ಆ ಮನೆಯ ರಿವಾಜು. ಜನ ಸಿಗದಿದ್ದರೆ ಕಡೆಗೆ ನಾಲ್ಕು ದೊಡ್ಡ ಕಲ್ಲಾದರೂ ಇಟ್ಟುಕೊಂಡು ರಾಮಣ್ಣ ದಂಡೆ ಬಿಡುತ್ತಿದ್ದ. ಅದೇ ರಿವಾಜನ್ನು ಮಗಳು ಪಿಕಪ್ಪಿಗೆ ತಂದಿದ್ದಳು. ಶಹಾಪುರದಲ್ಲಿ ಭತ್ತ ಇಳಿಸುತ್ತಿದ್ದಂತೆಯೇ ಅವಳು ಕೆಳಗಿಳಿದು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಸುರಪುರ, ರಂಗಂಪೇಟ, ದೇವಾಪುರ! ಯಾರರ ಬರ್ತೀರೇನ್ರಿ!” ಎಂದು ಒಂದು ಕೂಗು ಹಾಕುತ್ತಿದ್ದಳು. ಆ ಕೂಗಿಗೆ ಬಸ್ ಸ್ಟ್ಯಾಂಡಿನ ಕಾಗೆಗಳೂ ಏಳುತ್ತಿದ್ದವು. ಕಿರಾಣಿ ಅಂಗಡಿಯ ಉಪ್ಪಿನ ಚೀಲ, ದನದ ಹಿಂಡಿ, ಸಿಮೆಂಟು, ಮದುವೆಯ ಪಾತ್ರೆ, ಅವುಗಳ ಮೇಲೆ ಹೆಂಗಸರು, ಹೆಂಗಸರ ತೊಡೆಯ ಮೇಲೆ ಕೂಸುಗಳು. ಹಿಂದೆ ಜಗಳ, ನಗು, ಎಲೆ ಅಡಿಕೆ. ಇಷ್ಟು ಗದ್ದಲ ಯಾಕೆ ಎಂದು ಬಸಲಿಂಗ ಎಷ್ಟು ಸಲ ಸಿಡಿಮಿಡಿ ಮಾಡಿರಲಿಲ್ಲ! ಅವಳು ಹೋದ ಮೇಲೆ ಜನ ತಾವಾಗಿ ಬರಲಿಲ್ಲ. ಅವನೂ ಕೇಳಲಿಲ್ಲ. ಮಿಲ್ಲಿನಿಂದ ನೇರವಾಗಿ ಖಾಲಿ ಗಾಡಿ ತಿರುಗಿಸುತ್ತಿದ್ದ. ಎರಡು ವರ್ಷ ಆ ಪಟ್ಟಿಗಳ ತಪ್ಪು ಅವಳ ಕೂಗಿನ ಕೆಳಗೆ ಮುಚ್ಚಿಹೋಗಿತ್ತು.

“ಅಕಿ ಹೋದಾಗಿಂದ್ರಿ,” ಎಂದ ಕೊನೆಗೆ. “ಅಕಿ ಇರೂ ತನಕ ಗಾಡಿ ಖಾಲಿ ಇರಲಿಲ್ರಿ.”

ಬಾಷುಮಿಯಾ ಇನ್ನೊಂದು ಚಹಾ ತರಿಸಿ ಅವನ ಕೈಗಿಟ್ಟ. ಮುದುಕನ ಹೆಂಡತಿ ಮಸರತ ತೀರಿ ಒಂಬತ್ತು ವರ್ಷವಾಗಿತ್ತು. ಆಮೇಲೆ ಮುದುಕ ಗಂಟಲು ಸರಿಮಾಡಿಕೊಂಡ.

“ಎರಡು ದಾರಿ ಅದಾವು. ಬದಿಗಿ ಒಂದೊಂದು ಪಟ್ಟಿ ಇಳಸೂದು, ಹೆಚ್ಚಿನ ಹೇರು ಬಿಟ್ಟುಬಿಡೂದು. ಇಲ್ಲಾಂದ್ರ ಗಾಡಿ ತುಂಬಿಸ್ಕೊಂಡು ಓಡಸೂದು. ಹಿಂಗ ಖಾಲಿ ಓಡಸ್ಕೋತ ಹೋದ್ರ ಆರು ತಿಂಗಳದಾಗ ಬೇರಿಂಗ್ ಹೋಗತದ. ಇಳಸ್ಲೇನು? ಒಂದು ತಾಸಿನ ಕೆಲಸ.”

ಇಳಿಸಿಬಿಡಿ ಎಂದೇ ಬಸಲಿಂಗನ ಬಾಯಿಗೆ ಬಂದಿತ್ತು. ಮೆತ್ತಗೆ, ಸದ್ದಿಲ್ಲದೆ, ಖಾಲಿ ಗಾಡಿ ಓಡಿಸಿಕೊಂಡು ಇನ್ನು ಹತ್ತು ವರ್ಷ ಕಳೆಯಬಹುದು. ಹತ್ತು ವರ್ಷ ಎಂದುಕೊಂಡ ಕೂಡಲೇ ಅವನು ಕಿಸೆಯಿಂದ ಕೀಲಿ ತೆಗೆದ.

“ಈಗ ಬ್ಯಾಡ್ರಿ,” ಎಂದ. “ಮುಂದಿನ ಶನಿವಾರ ಬರ್ತೀನಿ. ಆವಾಗ ನೋಡೂನು.”

ಶಹಾಪುರದ ಬಸ್ ಸ್ಟ್ಯಾಂಡಿನ ಹತ್ತಿರ, ಅಯ್ಯಮ್ಮ ನಿಲ್ಲುತ್ತಿದ್ದ ಜಾಗದಲ್ಲಿ, ಅವನು ಗಾಡಿ ನಿಲ್ಲಿಸಿದ. ಜನ ಬೇಕಾದಷ್ಟಿದ್ದರು. ಚೀಲಗಳಿದ್ದವು, ಮೂಟೆಗಳಿದ್ದವು. ಬಸಲಿಂಗ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಸುರಪುರ ಎಂದು ಕೂಗಬೇಕು, ಮೂರೇ ಮೂರು ಊರಿನ ಹೆಸರು. ಕೂಗು ಹೊರಡಲಿಲ್ಲ. ಮೂವತ್ತು ವರ್ಷ ಗಾಡಿ ಓಡಿಸಿದವನು ಒಂದು ಸಲವೂ ಯಾರನ್ನೂ ಕರೆದಿರಲಿಲ್ಲ ಎಂಬುದು ಅವನಿಗೆ ಹೊಳೆದದ್ದೇ ಆಗ. ಅದೆಲ್ಲ ಅವಳ ಪಾಲಿಗಿತ್ತು. ಬುಟ್ಟಿ ಹೊತ್ತ ಒಬ್ಬ ಹೆಂಗಸು, ಏನೋ ಕೇಳಲು ನಿಂತಿದ್ದಾನೆ ಎಂದು ಹತ್ತಿರ ಬಂದು, “ಏನ್ರಿ?” ಎಂದಳು. “ಏನಿಲ್ಲವ್ವ,” ಎಂದ. ಅವಳು ಹೋಗಿ ಟಂಟಂ ಹತ್ತಿದಳು. ಅವನು ಗೇರ್ ಹಾಕಿದ. ಗಾಡಿ ಬಸ್ ಸ್ಟ್ಯಾಂಡಿನ ಮಂದಿಯೆಲ್ಲ ತಿರುಗಿ ನೋಡುವಷ್ಟು ನಡುಗಿತು, ಅವನ ಮುಖ ಬಿಸಿಯಾಯಿತು.

ರಸ್ತೆಯುದ್ದಕ್ಕೂ ಅವನು ಒಬ್ಬನೇ ಅಭ್ಯಾಸ ಮಾಡಿದ. ಗಾಜು ಮೇಲೇರಿಸಿಕೊಂಡು, “ರಂಗಂಪೇಟ, ರಂಗಂಪೇಟ” ಎಂದು ಅಂದು ನೋಡಿದ. ದವಾಖಾನೆಯಲ್ಲಿ ಮಾತಾಡಿದ ಹಾಗೆ ಕೇಳಿಸಿತು. ಎರಡೂ ಬದಿಗೆ ಹಸಿರು ಭತ್ತದ ಗದ್ದೆ, ಕಾಲುವೆಯ ನೀರು. ಒಂದೆರಡು ಊರು ದಾಟಿದವು. ಬಸ್ಸಿಗೆ ಕಾಯುವವರು ಕಂಡಾಗಲೆಲ್ಲ ನಿಲ್ಲಿಸುವೆ ಎಂದುಕೊಳ್ಳುತ್ತ, ನಿಲ್ಲಿಸದೆ ಮುಂದೆ ಹೋದ.

ಹತ್ತಿಗುಡೂರ ಕ್ರಾಸಿನಲ್ಲಿ ಮಲ್ಲಿಕಮ್ಮ ನಿಂತಿದ್ದಳು. ರಂಗಂಪೇಟೆಯವಳೇ, ಅವನ ಓಣಿಯ ಹಿಂದಿನ ಓಣಿ, ಅರವತ್ತರ ಹೆಂಗಸು. ಅಯ್ಯಮ್ಮನ ದಿನಗಳಲ್ಲಿ ವಾರಕ್ಕೆ ಎರಡು ಸಲ ಈ ಗಾಡಿಯಲ್ಲಿ ಬರುತ್ತಿದ್ದವಳು. ಕಾಲಬುಡದಲ್ಲಿ ಎರಡು ಮೆಣಸಿನಕಾಯಿ ಚೀಲ, ಪಕ್ಕದಲ್ಲಿ ಅವಳ ಮಗಳು ಶಿವಲೀಲಾ. ಬಸಲಿಂಗನ ಗಾಡಿ ನೋಡಿದವಳು ಬೇಕೆಂದೇ ಮುಖ ಆ ಕಡೆ ತಿರುಗಿಸಿದಳು. ಬಸಲಿಂಗ ಬ್ರೇಕ್ ಒತ್ತಿದ. ಗಾಜು ಇಳಿಸಿದ.

“ರಂಗಂಪೇಟ!”

ಅವನ ಅಂದಾಜಿಗಿಂತ ಮೂರು ಪಟ್ಟು ದೊಡ್ಡದಾಗಿ ಬಂತು. ಪಾನ್ ಅಂಗಡಿಯವನು ಬೆಚ್ಚಿದ. ಮಲ್ಲಿಕಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು.

“ಯವ್ವಾ! ನನಗ ಅಂದ್ಯೇನೋ?”

“ಹೂಂ ಯಕ್ಕ. ಬರ್ತೀಯೇನು?”

ಅವಳು ಕೂಡಲೇ ಹತ್ತಲಿಲ್ಲ. ಸೊಂಟದ ಮೇಲೆ ಕೈ ಇಟ್ಟು ನಿಂತಳು. “ವರ್ಷ ಆತು ಬಸಲಿಂಗ. ನಮ್ಮ ಮುಂದ ಗಾಡಿ ಹಾರಿಸ್ಕೊಂಡು ಹೋಗಾಕತ್ತಿ, ನಿಂದ್ರಸಲಿಲ್ಲ, ಮಾರಿ ನೋಡಲಿಲ್ಲ. ಅಯ್ಯಮ್ಮನ ಮಣ್ಣಿಗಿ ನಾವು ತಡ ಆಗಿ ಬಂದಿವಂತ ಸಿಟ್ಟು ಇರಬೇಕಂತ ನಾವೂ ಸುಮ್ಮನಾದಿವಿ.”

“ಸಿಟ್ಟಿಲ್ಲ ಯಕ್ಕ,” ಎಂದ ಬಸಲಿಂಗ. “ನನಗ ಕರಿಯಾಕ ಬರೂದಿಲ್ಲ.”

ಮಲ್ಲಿಕಮ್ಮ ಅವನನ್ನು ನೋಡಿದಳು. ಮತ್ತೇನೂ ಕೇಳದೆ ಚೀಲಗಳನ್ನು ಹಿಂದೆ ಹಾಕಿಸಿ, ಶಿವಲೀಲಾಳನ್ನು ನಡುವೆ ಕೂಡಿಸಿ, ತಾನು ಕಿಟಕಿಯ ಬದಿಗೆ ಕೂತು ಬಾಗಿಲು ಎಳೆದುಕೊಂಡಳು. ಬಸಲಿಂಗ ತನ್ನ ಕಲಿಕೆಯನ್ನೆಲ್ಲ ಎಡಗಾಲಿಗೆ ತಂದು, ಮೆಲ್ಲಗೆ ಕ್ಲಚ್ ಬಿಟ್ಟ. ಇಬ್ಬರು ಹೆಂಗಸರು ಮತ್ತು ಎರಡು ಚೀಲ ಒಣಮೆಣಸಿನಕಾಯಿಯ ಭಾರಕ್ಕೆ ಆ ಕಮಾನುಗಳು ಕೂದಲೆಳೆಯಷ್ಟೂ ಬಗ್ಗಲಿಲ್ಲ. ಗಾಡಿ ಗಡಗಡ ನಡುಗಿತು.

“ಯಾಕೋ ತಮ್ಮ, ಹಿಂಗ್ಯಾಕ ನಡಗಾಕತ್ತದ?” ಎಂದಳು ಮಲ್ಲಿಕಮ್ಮ, ಬಾಗಿಲ ಹಿಡಿಕೆ ಗಟ್ಟಿಯಾಗಿ ಹಿಡಿದು.

“ಖಾಲಿ ಅದ ಯಕ್ಕ. ಖಾಲಿ ಇದ್ರ ನಡಗತದ.”

“ಖಾಲಿ ಎಲ್ಲಿ ಅದೋ?” ಮಲ್ಲಿಕಮ್ಮನಿಗೆ ತುಸು ಸಿಟ್ಟೇ ಬಂತು. “ನಾವು ಕುಂತಿಲ್ಲೇನು?”

ಬಸಲಿಂಗ ಶಾಫ್ಟಿನ ಮಾತು ಹೇಳಲು ಹೊರಟ. ಆದರೆ ಹದಿನಾಲ್ಕು ತಿಂಗಳಲ್ಲಿ ಬಾರದೆ ಇದ್ದ ಅಳು ಅವನಿಗೆ ಅಲ್ಲಿ ಬಂತು, ಎರಡನೇ ಗೇರ್ ಹಾಕುವ ಹೊತ್ತಿಗೆ ಸರಿಯಾಗಿ. ಮಲ್ಲಿಕಮ್ಮ ಕಿಟಕಿಯ ಹೊರಗೆ ನೋಡತೊಡಗಿದಳು. ಶಿವಲೀಲಾ ತನ್ನ ತೊಡೆಯ ಮೇಲಿದ್ದ ಕೈಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಅವನ ಕೈಗೆ ಸಿಗುವ ಹಾಗೆ ಹಿಡಿದುಕೊಂಡು ಕೂತಳು.